ದೂರದಿಂದ ಕಂಡ ಉಡುತಡಿ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಮಲೆನಾಡು ಹಿಂದೆ ಸರಿದು ಬಯಲುಸೀಮೆ ಮೊದಲಾಗುವ ಎಡೆಯಲ್ಲಿವೆ. ಸೊರಬದ ಕಡೆಗೆ ಅಡಕೆಯ ತೋಟಗಳೂ ಭತ್ತದ ಗದ್ದೆಗಳೂ ನಡುನಡುವೆ ಕಾಡೂ ಕಾಣುತ್ತವೆ. ಅಲ್ಲಿಂದ ಮೂಡಲಿಗೆ ಶಿಕಾರಿಪುರದತ್ತ ಸಾಗಿದಂತೆ ಕಾಡು ತೆಳುವಾಗಿ, ಕೆರೆಗಳು ಹೆಚ್ಚಾಗಿ, ಹೊಲಗಳು ವಿಶಾಲವಾಗುತ್ತವೆ. ಸೊರಬದ ದಂಡಾವತಿ, ಶಿಕಾರಿಪುರದ ಕುಮುದ್ವತಿ ದೊಡ್ಡ ಹೊಳೆಗಳೇನೂ ಅಲ್ಲ. ಆದರೂ ಈ ನೆಲದ ಹಳಮೆ ದೊಡ್ಡದು. ಇವೆರಡೂ ತಾಲ್ಲೂಕುಗಳು ಹಿಂದೆ ಬನವಾಸಿ ಪನ್ನಿರ್ಛಾಸಿರವೆಂಬ ನಾಡಿಗೆ ಸೇರಿದ್ದವು. ಶಿರಾಳಕೊಪ್ಪವೆಂಬ ಪೇಟೆಯ ಸುತ್ತ ಕೆಲವೇ ಮೈಲಿಗಳ ಅಂತರದಲ್ಲಿ ತಾಳಗುಂದ, ಬಳ್ಳಿಗಾವಿ, ಉಡುತಡಿ ಎಂಬ ಮೂರು ಊರುಗಳಿವೆ. ತಾಳಗುಂದದ ಕಂಬದ ಶಾಸನವು ಕದಂಬರ ಕಥೆಯನ್ನು ಹೇಳುತ್ತದೆ. ಬಳ್ಳಿಗಾವಿಯು ಅಲ್ಲಮಪ್ರಭುವಿನ ಊರೆಂದೂ ಉಡುತಡಿಯು ಅಕ್ಕಮಹಾದೇವಿಯ ಊರೆಂದೂ ಪ್ರಸಿದ್ಧವಾಗಿವೆ.

ಈ ನಾಡಿನಿಂದ ಹೊರಗೆ ಹೋದವರ ಕಥೆಗಳು ಅನೇಕ. ನಾಲ್ಕನೆಯ ಶತಮಾನದಲ್ಲಿ ಮಯೂರಶರ್ಮನು ವಿದ್ಯೆಗಾಗಿ ಕಂಚಿಯ ಘಟಿಕಾಸ್ಥಾನಕ್ಕೆ ಹೋದನು. ಅಲ್ಲಿ ಅವಮಾನಿತನಾಗಿ, ಕೈಯಲ್ಲಿದ್ದ ದರ್ಭೆಯನ್ನು ಬಿಟ್ಟು ಖಡ್ಗವನ್ನು ಹಿಡಿದು ರಾಜ್ಯವನ್ನು ಕಟ್ಟಿದನು. ಹೊರಗಿದ್ದು ಈ ನಾಡನ್ನು ನೆನೆದವರಲ್ಲಿ ಆದಿಕವಿ ಪಂಪನೇ ಮೊದಲಿಗ. ಇಂದಿನ ತೆಲಂಗಾಣದಲ್ಲಿರುವ ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿದ್ದುಕೊಂಡು 941ರ ಸುಮಾರಿಗೆ ಅವನು ವಿಕ್ರಮಾರ್ಜುನ ವಿಜಯವನ್ನು ಬರೆದನು. ಬನವಾಸಿಯ ಗಾಳಿಯನ್ನೂ ಹೂವನ್ನೂ ಅಲ್ಲಿಯ ಜನರ ರಸಿಕತೆಯನ್ನೂ ಅವನು ಕೊಂಡಾಡಿದ ಪದ್ಯಗಳನ್ನು ಅರಿಯದ ಕನ್ನಡಿಗರು ವಿರಳ. ಬನವಾಸಿಯಲ್ಲಿಯೇ ಹುಟ್ಟಿ ಬೆಳೆದು ಅಲ್ಲಿಯೇ ಮಣ್ಣಾದವರಲ್ಲಿ ಎಷ್ಟು ಮಂದಿ ಆ ಗಾಳಿಯನ್ನು ಹಾಗೆ ಕೊಂಡಾಡಿದ್ದಾರು? ಪ್ರತಿದಿನವೂ ಮೈಗೆ ಸೋಂಕುವ ಗಾಳಿಯನ್ನು ಯಾರೂ ಗಮನಿಸುವುದಿಲ್ಲ.

ಪಂಪನಿಂದ ಸಾವಿರ ವರ್ಷಗಳ ಈಚೆಗೆ ಇನ್ನೊಬ್ಬ ಕವಿ ಇನ್ನೂ ದೂರದ ನಾಡಿನಲ್ಲಿ ಕುಳಿತು ಉಡುತಡಿ ಬಳ್ಳಿಗಾವಿಗಳ ಮಾತನ್ನು ಮತ್ತೆ ಕೇಳಿಸಿಕೊಂಡರು. ಅವರೇ ಎ. ಕೆ. ರಾಮಾನುಜನ್. ಅವರು ಶಿಕಾರಿಪುರದ ಸೀಮೆಯವರಲ್ಲ; ಮೈಸೂರಿನವರು. ಉದ್ಯೋಗದಿಂದ ಅಧ್ಯಾಪಕರು, ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ದ್ರಾವಿಡ ಭಾಷೆಗಳನ್ನೂ ಭಾಷಾವಿಜ್ಞಾನವನ್ನೂ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಬೋಧಿಸಿದರು. ಪರರಿಗೆ ಕಲಿಸಹೋದವರಿಗೆ ತಮ್ಮದೇ ಆದ ಕಾವ್ಯದ ಮೇಲಿನ ಹಂಬಲ ಹೊಸದಾಗಿ ಹುಟ್ಟಿದ ಬಗೆ ಕುತೂಹಲಕರವಾದುದು.

ರಾಮಾನುಜನ್ 1929ನೆಯ ಮಾರ್ಚ್ 16ರಂದು ಮೈಸೂರಿನ ಅಯ್ಯಂಗಾರ್ ಮನೆತನವೊಂದರಲ್ಲಿ ಜನಿಸಿದರು. ತಂದೆ ಕೃಷ್ಣಸ್ವಾಮಿಯವರು ಗಣಿತದ ಪ್ರಾಧ್ಯಾಪಕರು. ಖಗೋಳವಿಜ್ಞಾನವನ್ನು ಬಲ್ಲವರು, ಜ್ಯೋತಿಷ್ಯವನ್ನೂ ನಂಬಿದವರು. ಒಂದೇ ತಲೆಯೊಳಗೆ ಅವೆರಡೂ ಜಗಳವಿಲ್ಲದೆ ಹೇಗಿದ್ದವೆಂಬುದು ಮಗನಿಗೆ ಬಹುಕಾಲ ಬಿಡಿಸಲಾರದ ಒಗಟಾಗಿತ್ತು. ಆ ಮನೆಯಲ್ಲಿ ಭಾಷೆಗಳಿಗೆ ಒಂದೊಂದು ನೆಲೆಯಿದ್ದಿತು. ಕೆಳಗಡೆ ಅಡುಗೆಮನೆಯಲ್ಲಿ ತಾಯಿಯೊಡನೆ ತಮಿಳು. ಮಹಡಿಯ ಮೇಲೆ ತಂದೆಯ ಓದುವ ಕೋಣೆಯಲ್ಲಿ ಇಂಗ್ಲಿಷು. ಹೊಸ್ತಿಲು ದಾಟಿ ಬೀದಿಗೆ ಬಂದರೆ ಕನ್ನಡ. ಹುಡುಗನು ದಿನಕ್ಕೆ ಎಷ್ಟು ಸಲ ಮೆಟ್ಟಿಲು ಹತ್ತಿ ಇಳಿಯುತ್ತಿದ್ದನೋ ಅಷ್ಟು ಸಲ ಭಾಷೆ ಬದಲಾಗುತ್ತಿತ್ತು. ಮೈಸೂರಿನ ಮರಿಮಲ್ಲಪ್ಪ ಪ್ರೌಢಶಾಲೆಯಲ್ಲಿ ಓದಿ, ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಅಭ್ಯಾಸ ಮಾಡಿ, ಬಳಿಕ ಕೇರಳದ ಕೊಲ್ಲಂ, ಬೆಳಗಾವಿ, ಬರೋಡಾಗಳ ಕಾಲೇಜುಗಳಲ್ಲಿ ಅವರು ಇಂಗ್ಲಿಷ್ ಉಪನ್ಯಾಸಕರಾಗಿದ್ದರು.

ಬೆಳಗಾವಿಯಲ್ಲಿದ್ದಾಗ ಅವರು ಮಾಡಿದ ಒಂದು ಕೆಲಸ ಆಗಿನವರಿಗೆ ಅಷ್ಟೇನೂ ಘನವೆಂದು ತೋರಿರಲಾರದು. ಮನೆವಾರ್ತೆಯ ಹೆಂಗಸರು ಮಕ್ಕಳಿಗೆ ಹೇಳುತ್ತಿದ್ದ ಕಥೆಗಳನ್ನು ಕೇಳಿ ಬರೆದಿಟ್ಟುಕೊಂಡರು, ಗಾದೆಗಳನ್ನು ಕೂಡಿಹಾಕಿದರು. ಅವರ ಕನ್ನಡ ಪುಸ್ತಕ ‘ಗಾದೆಗಳು’ 1955ರಲ್ಲಿ ಪ್ರಕಟವಾಯಿತು. ಮುಂದೆ ಭಾಷಾವಿಜ್ಞಾನದ ಕಡೆ ಮನಸ್ಸು ಹರಿದು, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಆ ಶಾಸ್ತ್ರವನ್ನು ಕಲಿತು, 1959ರಲ್ಲಿ ಅಮೆರಿಕಕ್ಕೆ ತೆರಳಿದರು. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಅವರು ಡಾಕ್ಟರೇಟ್ ಪದವಿಗಾಗಿ ಆರಿಸಿಕೊಂಡ ವಿಷಯ ಕನ್ನಡದ ವ್ಯಾಕರಣವೇ ಆಗಿತ್ತು. 1963ರಲ್ಲಿ ಆ ಪದವಿ ದೊರೆಯಿತು. ಅದಕ್ಕೆ ಮುನ್ನವೇ 1962ರಲ್ಲಿ ಷಿಕಾಗೋದಲ್ಲಿ ಅಧ್ಯಾಪಕ ವೃತ್ತಿ ಮೊದಲಾಗಿತ್ತು.

ವ್ಯಾಕರಣವನ್ನು ಬಲ್ಲವನಿಗೆ ಕಾವ್ಯದ ಹಸಿವು ಇರಲೇಬೇಕೆಂದಿಲ್ಲ. ಭಾಷೆಯೊಂದು ವ್ಯಾಸಂಗದ ವಸ್ತುವಾದೊಡನೆ ಮೇಜಿನ ಮೇಲೆ ಬಿಡಿಸಿಟ್ಟ ಗಡಿಯಾರದಂತೆ ಆಗಿಬಿಡುವ ಅಪಾಯವುಂಟು. ಗಾಲಿಗಳೆಲ್ಲ ಕಣ್ಣಿಗೆ ಕಾಣುತ್ತವೆ, ಟಿಕ್‌ಟಿಕ್ ಸದ್ದು ಮಾತ್ರ ಇರುವುದಿಲ್ಲ. ಆಟಗಳನ್ನು ಕಲಿಸುವವರ ಪಾಡೂ ಇಂಥದೇ. ಗಾಲ್ಫ್ ಎಂಬ ಆಟವುಂಟು. ಸ್ಕಾಟ್ಲೆಂಡಿನಲ್ಲಿ ಬೆಳೆದು ಜಗತ್ತಿನಲ್ಲೆಲ್ಲ ಹರಡಿದ ಅದು ನಮ್ಮ ನಾಡಿಗೂ ಬಂದಿತು; ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರಷ್ಟು ಹಿಂದಿನದು. ಉದ್ದವಾದ ಕೋಲಿನಿಂದ ಚಿಕ್ಕ ಚೆಂಡನ್ನು ಹೊಡೆದು ದೂರದ ಕುಳಿಗೆ ಬೀಳಿಸುವುದೇ ಅದರ ಗುರಿ. ಆ ಆಟದ ಶಿಕ್ಷಕನೊಬ್ಬನು ಪರದೇಶದಲ್ಲಿ ಕಲಿಸಲು ನಿಂತನೆನ್ನೋಣ. ಕೋಲನ್ನು ಹೀಗೆ ಹಿಡಿ, ಭುಜವನ್ನು ಹೀಗೆ ತಿರುಗಿಸು ಎಂದು ಬೆಳಗಿನಿಂದ ಸಂಜೆಯವರೆಗೆ ಹೇಳಿ ಹೇಳಿ ಅವನಿಗೆ ತಾನೇ ಆಡಬೇಕೆಂಬ ಆಸೆ ಬತ್ತಿಹೋಗಿರುತ್ತದೆ. ಒಂದು ದಿನ ಹೊಸ ಶಿಷ್ಯನೊಬ್ಬನು ಅದೃಷ್ಟವಶಾತ್ ಸರಿಯಾಗಿ ಹೊಡೆಯುತ್ತಾನೆ. ಚೆಂಡು ಗಾಳಿಯಲ್ಲಿ ಏರುತ್ತದೆ. ಶಿಷ್ಯನು ಬೆರಗಾಗಿ ನಿಲ್ಲುತ್ತಾನೆ. ಆ ಬೆರಗನ್ನು ಕಂಡ ಗುರುವಿಗೆ ತನ್ನ ಮೊದಲ ಹೊಡೆತದ ನೆನಪಾಗಿ, ಸಂಜೆ ಎಲ್ಲರೂ ಹೋದ ಮೇಲೆ ಒಬ್ಬನೇ ಕೋಲು ಹಿಡಿದು ಮೈದಾನಕ್ಕೆ ಇಳಿಯುವಂತಾಗುತ್ತದೆ. ಷಿಕಾಗೋದ ಅಧ್ಯಾಪಕರಿಗೆ ಆದದ್ದು ಇದಕ್ಕೆ ಸಮೀಪದ್ದು. ಆದರೆ ಅವರ ಮೈದಾನ ಒಂದು ಪುಸ್ತಕ ಭಂಡಾರದ ನೆಲಮಾಳಿಗೆಯಾಗಿತ್ತು.

ಆ ಪ್ರಸಂಗವನ್ನು ರಾಮಾನುಜನ್ನರೇ ಬರೆದಿಟ್ಟಿದ್ದಾರೆ. 1962ರಲ್ಲಿ, ಷಿಕಾಗೋಗೆ ಬಂದ ಹೊಸದರಲ್ಲಿ, ಒಂದು ಶನಿವಾರ ಅವರು ಹಾರ್ಪರ್ ಗ್ರಂಥಾಲಯದ ನೆಲಮಾಳಿಗೆಗೆ ಇಳಿದರು. ಅವರಿಗೆ ಬೇಕಾಗಿದ್ದುದು ಹಳೆಯ ತಮಿಳಿನ ಒಂದು ಪ್ರಾಥಮಿಕ ವ್ಯಾಕರಣ. ತಾಯಿನುಡಿ ತಮಿಳಾದರೂ ಹಳೆಯ ತಮಿಳನ್ನು ಅವರು ಎಂದೂ ಕಲಿತಿರಲಿಲ್ಲ. ಕಪಾಟುಗಳ ನಡುವೆ ಹುಡುಕುತ್ತಿರುವಾಗ ವ್ಯಾಕರಣಕ್ಕೆ ಬದಲಾಗಿ ಕೈಗೆ ಸಿಕ್ಕಿದ್ದು ಪ್ರಾಚೀನ ತಮಿಳು ಪ್ರೇಮಕವಿತೆಗಳ ಒಂದು ಸಂಕಲನ. ಮಹಾವಿದ್ವಾಂಸರಾದ ಉ. ವೇ. ಸ್ವಾಮಿನಾಥ ಅಯ್ಯರ್ ಅವರು ಸಂಪಾದಿಸಿ 1937ರಲ್ಲಿ ಅಚ್ಚುಹಾಕಿಸಿದ ಪುಸ್ತಕವದು. ರಾಮಾನುಜನ್ ಅಲ್ಲಿಯೇ ನೆಲದ ಮೇಲೆ ಕುಳಿತು ಹಾಳೆಗಳನ್ನು ತಿರುವಿಹಾಕಿದರು. ಗದ್ಯದ ವ್ಯಾಖ್ಯಾನ ತಿಳಿಯಿತು. ವ್ಯಾಖ್ಯಾನದ ಮೂಲಕ ಪದ್ಯಗಳು ಒಂದೊಂದಾಗಿ ತೆರೆದುಕೊಂಡವು. ಎರಡು ಸಾವಿರ ವರ್ಷಗಳ ಹಿಂದಿನ ತನ್ನದೇ ನುಡಿಯ ಒಂದು ಲೋಕ ಹೀಗೆ ಕಡಲಾಚೆಯ ಊರಿನ ನೆಲಮಾಳಿಗೆಯಲ್ಲಿ ದೊರೆಯಬೇಕೆ? ಕಳೆದುಹೋದ ಕತ್ತೆಗಳನ್ನು ಅರಸುತ್ತ ಹೋಗಿ ರಾಜ್ಯವನ್ನೇ ಪಡೆದವನ ಕಥೆ ಬೈಬಲಿನಲ್ಲಿದೆ. ತಮ್ಮ ಅಂದಿನ ಸ್ಥಿತಿಯನ್ನು ಅವರು ಅದಕ್ಕೆ ಹೋಲಿಸಿಕೊಂಡಿದ್ದಾರೆ. 1967ರಲ್ಲಿ ಆ ಕವಿತೆಗಳ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂದು ಅವರಿಗೆ ಕೀರ್ತಿ ತಂದಿತು. ಪರಂಪರೆಯು ಹುಟ್ಟಿನಿಂದಲೇ ಕೈಸೇರುವ ಆಸ್ತಿಯಲ್ಲ, ದುಡಿದು ಪಡೆದುಕೊಳ್ಳತಕ್ಕದ್ದು ಎಂಬ ಅಭಿಪ್ರಾಯಕ್ಕೆ ಅವರು ಬಂದದ್ದು ಈ ಅನುಭವದಿಂದ.

ತಮಿಳಿನ ವಿಷಯದಲ್ಲಿ ಹೀಗಾದರೆ ಕನ್ನಡದ ವಿಷಯದಲ್ಲಿ ಆದದ್ದು ಇನ್ನೊಂದು ಬಗೆ. ಹಳೆಯ ತಮಿಳು ಕವಿತೆಗಳನ್ನು ಅವರು ಮೊದಲು ಅರಿತಿರಲಿಲ್ಲ. ಶಿವಶರಣರ ವಚನಗಳನ್ನಾದರೋ ಎಳೆಯ ಪ್ರಾಯದಿಂದಲೇ ಬಲ್ಲವರಾಗಿದ್ದರು. ಓಲೆಗರಿಗಳಲ್ಲಿದ್ದ ವಚನಗಳನ್ನು ಫ. ಗು. ಹಳಕಟ್ಟಿಯವರು ಊರೂರು ಅಲೆದು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ ಮೇಲೆ ಅವು ಕನ್ನಡ ನಾಡಿನ ಮನೆಮಾತಾಗಿದ್ದವು. ಮನೆಮಾತಾದುದಕ್ಕೆ ಒಂದು ಕಷ್ಟವುಂಟು. ಅದನ್ನು ಯಾರೂ ನಿಂತು ಕೇಳುವುದಿಲ್ಲ. ‘ಚೆನ್ನಮಲ್ಲಿಕಾರ್ಜುನ’ ಎಂಬ ಅಂಕಿತವನ್ನು ಕನ್ನಡದ ಮಗು ತೊಟ್ಟಿಲಲ್ಲಿರುವಾಗಲೇ ಕೇಳಿರುತ್ತದೆ. ಅದು ದೇವರ ಹೆಸರು. ಹೆಸರಿಗೆ ಅರ್ಥವೇನೆಂದು ಯಾರು ಕೇಳುತ್ತಾರೆ? ಷಿಕಾಗೋದ ತರಗತಿಯಲ್ಲಿ ಕುಳಿತ ವಿದ್ಯಾರ್ಥಿ ಕೇಳದೆ ಬಿಡಲಾರನು. ಅವನಿಗೆ ಶ್ರೀಶೈಲ ಗೊತ್ತಿಲ್ಲ, ಅಕ್ಕ ಗೊತ್ತಿಲ್ಲ. ಆ ಏಳು ಅಕ್ಷರಗಳ ಶಬ್ದ ಅವನ ನಾಲಗೆಗೂ ಹೊರಳದು. ಆಗ ಗುರುವು ಶಬ್ದವನ್ನು ಬಿಡಿಸಲೇಬೇಕು. ಮಲ್ಲಿಕಾ ಎಂದರೆ ಮಲ್ಲಿಗೆ. ಅರ್ಜುನ ಎಂದರೆ ಬಿಳುಪು. ರಾಮಾನುಜನ್ ತಮ್ಮ ಅನುವಾದದಲ್ಲಿ ಅದನ್ನು ‘ಮಲ್ಲಿಗೆಯಂತೆ ಬೆಳ್ಳಗಿರುವ ಒಡೆಯ’ ಎಂಬರ್ಥದ ಇಂಗ್ಲಿಷ್ ನುಡಿಯಾಗಿ ಮಾಡಿದರು. ಅಲ್ಲಮನ ‘ಗುಹೇಶ್ವರ’ ಗುಹೆಗಳ ಒಡೆಯನಾದನು. ಬಸವಣ್ಣನ ‘ಕೂಡಲಸಂಗಮ’ ಕೂಡುವ ಹೊಳೆಗಳ ಒಡೆಯನಾದನು. ದೇವರ ದಾಸಿಮಯ್ಯನ ‘ರಾಮನಾಥ’ನನ್ನು ಮಾತ್ರ ಅವರು ಇದ್ದ ಹಾಗೆಯೇ ಉಳಿಸಿಕೊಂಡರು. ಅನುವಾದವನ್ನು ಓದಿದ ಕನ್ನಡಿಗರಲ್ಲಿ ಹಲವರಿಗೆ ತಮ್ಮ ದೇವರ ಹೆಸರಿನಲ್ಲಿ ಮಲ್ಲಿಗೆಯ ಹೂವಿದೆಯೆಂಬುದು ಆಗಲೇ ಹೊಳೆದದ್ದೆಂದರೆ ಆಶ್ಚರ್ಯವಿಲ್ಲ.

ಸ್ಥಾವರ, ಜಂಗಮ ಎಂಬ ಜೋಡಿ ಶಬ್ದಗಳ ವಿಚಾರವೂ ಹಾಗೆಯೇ. ದೇಹವನ್ನೇ ದೇಗುಲವೆಂದ ಬಸವಣ್ಣನವರ ವಚನವನ್ನು ವಿವರಿಸುವಾಗ ರಾಮಾನುಜನ್ ಈ ಎರಡು ಶಬ್ದಗಳ ಬೇರುಗಳನ್ನು ಹಿಡಿದೆಳೆಯುತ್ತಾರೆ. ನಿಲ್ಲುವುದು ಎಂಬರ್ಥದ ಇಂಗ್ಲಿಷಿನ ‘ಸ್ಟ್ಯಾಂಡ್’ ಶಬ್ದಕ್ಕೂ ಸ್ಥಾವರಕ್ಕೂ ಮೂಲದಲ್ಲಿ ಬೇರು ಒಂದೇ. ಜಂಗಮ ಶಬ್ದದಲ್ಲಿರುವುದು ಇಂಗ್ಲಿಷಿನ ‘ಗೋ’ ಶಬ್ದದ ಬಂಧು ಎನ್ನುತ್ತಾರೆ ಅವರು. ಒಂದು ನಿಂತದ್ದು, ಇನ್ನೊಂದು ನಡೆಯುವುದು. ಇಷ್ಟನ್ನು ಹೇಳಿದ ಮೇಲೆ ಪರದೇಶದ ವಿದ್ಯಾರ್ಥಿಗೆ ಆ ವಚನ ಅಪರಿಚಿತವಾಗಿ ಉಳಿಯುವುದಿಲ್ಲ. ತನ್ನ ಬಾಯಲ್ಲಿ ದಿನವೂ ಸುಳಿಯುವ ಎರಡು ಮಾತುಗಳೇ ಅದರಲ್ಲಿ ಅಡಗಿವೆಯೆಂದು ಅವನಿಗೆ ತಿಳಿಯುತ್ತದೆ. ಕಲಿಸುವವನಿಗಾದರೂ ಇದು ಸಣ್ಣ ಲಾಭವಲ್ಲ. ನೂರು ಸಲ ಓದಿದ ವಚನವನ್ನು ಅವನು ನೂರೊಂದನೆಯ ಸಲ ಅರಿಯದವನ ಕಿವಿಯಿಂದ ಕೇಳುತ್ತಾನೆ.

ಹೀಗೆ ಕೇಳಿಸಿಕೊಂಡ ದನಿಗಳಲ್ಲಿ ಎರಡು ಶಿಕಾರಿಪುರದ ಸೀಮೆಯವು. ಉಡುತಡಿಯ ಮಹಾದೇವಿ ಹನ್ನೆರಡನೆಯ ಶತಮಾನದವಳು. ಮಲ್ಲಿಕಾರ್ಜುನನನ್ನೇ ಪತಿಯೆಂದು ಭಾವಿಸಿದ ಆಕೆಯನ್ನು ಕೌಶಿಕನೆಂಬ ಅರಸನು ಬಯಸಿದುದು, ಆಕೆ ಅರಮನೆಯನ್ನೂ ಉಟ್ಟ ಬಟ್ಟೆಯನ್ನೂ ತೊರೆದು ಕೂದಲನ್ನೇ ಉಡುಗೆಯಾಗಿಸಿಕೊಂಡು ಹೊರಟುದು, ಕಲ್ಯಾಣದಲ್ಲಿ ಅಲ್ಲಮನ ಕಠಿಣವಾದ ಪ್ರಶ್ನೆಗಳಿಗೆ ಉತ್ತರ ಕೊಟ್ಟುದು, ಕಡೆಗೆ ಶ್ರೀಶೈಲದ ಕದಳಿಯನ್ನು ಸೇರಿದುದು ನಾಡಿಗೆಲ್ಲ ತಿಳಿದ ಕಥೆ. ಪ್ರಶ್ನೆ ಕೇಳಿದವನೂ ಉತ್ತರ ಹೇಳಿದವಳೂ ನೆರೆಹೊರೆಯ ಊರುಗಳವರು. ಅವರು ಸಂಧಿಸಲು ಮಾತ್ರ ಅಷ್ಟು ದೂರದ ಕಲ್ಯಾಣಕ್ಕೇ ಹೋಗಬೇಕಾಯಿತು.

ಅಲ್ಲಮನ ಊರಾದ ಬಳ್ಳಿಗಾವಿ ಆ ಕಾಲದಲ್ಲಿ ಹಳ್ಳಿಯಾಗಿರಲಿಲ್ಲ. ಬನವಾಸಿ ನಾಡಿನ ರಾಜಧಾನಿಯಾಗಿತ್ತು. ಅಲ್ಲಿಯ ಕೋಡಿಯಮಠವನ್ನು 1162ರ ಶಾಸನವೊಂದು ಬಣ್ಣಿಸುತ್ತದೆ. ವೇದಗಳು, ಪಾಣಿನಿ ಶಾಕಟಾಯನರ ವ್ಯಾಕರಣಗಳು, ಷಡ್ದರ್ಶನಗಳು, ಪುರಾಣಗಳು ಅಲ್ಲಿ ಕಲಿಸಲ್ಪಡುತ್ತಿದ್ದವು. ಬಡವರಿಗೂ ಅಂಗವಿಕಲರಿಗೂ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು. ಇಷ್ಟು ದೊಡ್ಡ ವಿದ್ಯಾಕೇಂದ್ರವಿದ್ದ ಊರಿನಲ್ಲಿ ಅಲ್ಲಮನು ಪಂಡಿತನಾಗದೆ ಗುಡಿಯಲ್ಲಿ ಮದ್ದಳೆ ಬಾರಿಸುವವನಾಗಿದ್ದನು.

ಹರಿಹರನ ರಗಳೆಯು ಹೇಳುವಂತೆ ಅಲ್ಲಮನು ಕಮಲತೆಯೆಂಬ ಹೆಣ್ಣನ್ನು ಒಲಿದು ಮದುವೆಯಾದನು. ಕೆಲವೇ ಕಾಲದಲ್ಲಿ ಜ್ವರ ಬಂದು ಆಕೆ ತೀರಿಹೋದಳು. ದುಃಖದಿಂದ ಮತಿಗೆಟ್ಟವನಂತೆ ಅಲೆಯುತ್ತ ಅವನೊಂದು ದಿನ ಊರ ಹೊರಗಿನ ತೋಪಿನಲ್ಲಿ ಕುಳಿತು, ಮೈಮೇಲೆ ಎಚ್ಚರವಿಲ್ಲದೆ ಕಾಲಿನ ಉಗುರಿನಿಂದ ಮಣ್ಣನ್ನು ಕೆರೆಯುತ್ತಿದ್ದನು. ಮಣ್ಣಿನೊಳಗೆ ಏನೋ ಹೊಳೆಯಿತು. ಕೆದಕಿ ನೋಡಿದರೆ ಹೊನ್ನಿನ ಕಳಶ! ಜನರನ್ನು ಕರೆಸಿ ಅಗೆಸಿದಾಗ ಕಳಶದ ಕೆಳಗೆ ಗುಡಿಯೊಂದು ಹೂತುಹೋಗಿರುವುದು ಕಂಡಿತು. ಬಾಗಿಲನ್ನು ಒದ್ದು ಒಳಗೆ ಹೋದ ಅಲ್ಲಮನಿಗೆ, ಕೈಯಲ್ಲಿ ಲಿಂಗವನ್ನು ಹಿಡಿದು ರೆಪ್ಪೆ ಮಿಟುಕಿಸದೆ ಕುಳಿತ ಯೋಗಿ ಅನಿಮಿಷಯ್ಯನು ದೊರೆತನು. ಆ ಲಿಂಗವು ಅಲ್ಲಮನ ಕೈಗೆ ಬಂದೊಡನೆ ಯೋಗಿಯ ಪ್ರಾಣವು ಹೊರಟುಹೋಯಿತು. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಕಥೆ ಬೇರೆ ರೂಪದಲ್ಲಿದೆ, ಅಲ್ಲಿ ಅಲ್ಲಮನು ಮದ್ದಳೆ ಬಾರಿಸುವುದು ಸೊರಬದಾಚೆಯ ಬನವಾಸಿಯಲ್ಲಿ. ರಾಮಾನುಜನ್ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಹೇಳಿರುವುದು ಹೂತುಹೋದ ಗುಡಿಯ ಕಥೆಯನ್ನು. ಹಾರ್ಪರ್ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕುಳಿತಿದ್ದವರಿಗೆ ಆ ಕಥೆ ಹಿಡಿಸಿತೆಂದರೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ.

ನಾಲ್ವರು ವಚನಕಾರರ ಅನುವಾದಗಳ ಆ ಪುಸ್ತಕವು 1973ರಲ್ಲಿ ಪೆಂಗ್ವಿನ್ ಸಂಸ್ಥೆಯಿಂದ ಪ್ರಕಟವಾಯಿತು. ಹೋಮರನ ಕಾವ್ಯಗಳೂ ಗ್ರೀಕ್ ನಾಟಕಗಳೂ ಅಚ್ಚಾಗುವ ಮಾಲೆಯಲ್ಲಿಯೇ ಉಡುತಡಿಯ ಹೆಣ್ಣುಮಗಳ ಮಾತೂ ಅಚ್ಚಾಯಿತು. ಕನ್ನಡದ ಹೆಸರನ್ನೇ ಕೇಳದಿದ್ದ ಓದುಗರು ಯೂರೋಪು ಅಮೆರಿಕಗಳಲ್ಲಿ ವಚನಗಳನ್ನು ಓದಿದರು. ಎಲ್ಲರೂ ಆ ಅನುವಾದಗಳನ್ನು ಒಪ್ಪಿದರೆಂದಲ್ಲ. ವಚನಗಳನ್ನು ಅವರು ತಮ್ಮ ಕಾಲದ ಇಂಗ್ಲಿಷ್ ಕವಿತೆಯ ಅಚ್ಚಿಗೆ ಹೊಂದಿಸಿದರೆಂದು 1992ರಲ್ಲಿ ತೇಜಸ್ವಿನಿ ನಿರಂಜನ ಅವರು ಅಲ್ಲಮನ ಒಂದು ವಚನದ ಅನುವಾದವನ್ನೇ ಎತ್ತಿಕೊಂಡು ವಿಮರ್ಶಿಸಿದರು. ಎಚ್. ಎಸ್. ಶಿವಪ್ರಕಾಶರು ವಚನಗಳನ್ನು ಹೊಸದಾಗಿ ಅನುವಾದಿಸಿ 2010ರಲ್ಲಿ ಬೇರೊಂದು ಸಂಕಲನವನ್ನು ಕೊಟ್ಟರು. ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಬೆಡಗಿನ ವಚನದ ಕಗ್ಗಂಟನ್ನು ಕೆಲವೆಡೆ ರಾಮಾನುಜನ್ ಮಿತಿಮೀರಿ ನಯಗೊಳಿಸಿದ್ದಾರೆ. ಆದರೆ ಜಗಳವಾಡಲು ಒಂದು ಪುಸ್ತಕವಾದರೂ ಇರಬೇಕಷ್ಟೆ. ಅದನ್ನು ಕೊಟ್ಟವರು ಅವರು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಪರರಿಗೆ ಕೊಟ್ಟುದರ ವಿಚಾರವಾಯಿತು. ಅವರು ತಾವೇ ಆಟಕ್ಕಿಳಿದ ಸಂಗತಿಯನ್ನು ಹೇಳದಿದ್ದರೆ ಕಥೆ ಅರ್ಧವಾದೀತು. 1955ರ ‘ಗಾದೆಗಳು’ ಪುಸ್ತಕದ ಬಳಿಕ ಅವರ ಕನ್ನಡ ಕವನಸಂಗ್ರಹವೊಂದು ಬರಲು ಹದಿನಾಲ್ಕು ವರ್ಷ ಹಿಡಿಯಿತು. ‘ಹೊಕ್ಕುಳಲ್ಲಿ ಹೂವಿಲ್ಲ’ 1969ರಲ್ಲಿ, ‘ಮತ್ತು ಇತರ ಕವಿತೆಗಳು’ 1977ರಲ್ಲಿ, ‘ಕುಂಟೋಬಿಲ್ಲೆ’ 1990ರಲ್ಲಿ ಹೊರಬಂದವು. ನಡುವೆ 1978ರಲ್ಲಿ ‘ಮತ್ತೊಬ್ಬನ ಆತ್ಮಚರಿತ್ರೆ’ ಎಂಬ ಕಿರುಕಾದಂಬರಿ ಬಂದಿತು. ಈ ಎಲ್ಲ ಪುಸ್ತಕಗಳೂ ಕವಿಯು ಷಿಕಾಗೋದ ನಿವಾಸಿಯಾಗಿದ್ದಾಗಲೇ ಪ್ರಕಟವಾದವು. ಬೀದಿಯಲ್ಲಿ ಕನ್ನಡ ಕೇಳಿಸದ ಊರು ಅದು. ಹೊಸ್ತಿಲು ದಾಟಿದರೆ ಕನ್ನಡವೆಂಬ ಮೈಸೂರಿನ ಮನೆಯ ಏರ್ಪಾಡು ಅಲ್ಲಿ ತಲೆಕೆಳಗಾಗಿತ್ತು. ಹೊಸ್ತಿಲಾಚೆ ಇಂಗ್ಲಿಷು, ಕನ್ನಡವೆಲ್ಲ ಒಳಗೆ.

ಕಡೆಯ ಸಂಗ್ರಹದ ಹೆಸರನ್ನು ಗಮನಿಸಬೇಕು. ಕುಂಟೋಬಿಲ್ಲೆ ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ಆಡುವ ಆಟ. ನೆಲದ ಮೇಲೆ ಮನೆಗಳನ್ನು ಗೀಚಿ, ಹೆಂಚಿನ ಚೂರನ್ನು ಒಂದು ಮನೆಗೆ ಎಸೆದು, ಗೆರೆಯನ್ನು ತುಳಿಯದೆ ಒಂಟಿಗಾಲಲ್ಲಿ ಕುಂಟುತ್ತ ಮನೆಯ ಮೇಲೆ ಮನೆ ದಾಟಬೇಕು. ಪ್ರಪಂಚದ ದೊಡ್ಡ ವಿಶ್ವವಿದ್ಯಾಲಯವೊಂದರಲ್ಲಿ ಪ್ರಾಧ್ಯಾಪಕರಾಗಿದ್ದು, 1976ರಲ್ಲಿ ಪದ್ಮಶ್ರೀಯನ್ನೂ 1983ರಲ್ಲಿ ಅಮೆರಿಕದ ಮೆಕಾರ್ಥರ್ ಫೆಲೋಷಿಪ್ಪನ್ನೂ ಪಡೆದ ಅರವತ್ತೊಂದು ವರ್ಷದ ಹಿರಿಯರು ತಮ್ಮ ಪುಸ್ತಕಕ್ಕೆ ಇಟ್ಟ ಹೆಸರು ಇದು. ಮೂರು ಭಾಷೆಗಳ ಮನೆಗಳನ್ನು ಗೆರೆ ತುಳಿಯದೆ ದಾಟಿದವರಿಗೆ ಬೇರೆ ಯಾವ ಆಟ ನೆನಪಾದೀತು?

ಬೆಳಗಾವಿಯ ದಿನಗಳಲ್ಲಿ ಕೂಡಿಟ್ಟ ಜನಪದ ಕಥೆಗಳೂ ಷಿಕಾಗೋದಲ್ಲಿ ಮತ್ತೆ ಜೀವ ತಳೆದವು. ಅವರು 1991ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಭಾರತದ ಜನಪದ ಕಥೆಗಳ ಸಂಕಲನದಲ್ಲಿ ಕನ್ನಡದ ಒಂದು ಕಥೆಯಿದೆ. ಒಬ್ಬ ಗೃಹಿಣಿಗೆ ಒಂದು ಕಥೆ ಗೊತ್ತಿತ್ತು, ಒಂದು ಹಾಡು ಗೊತ್ತಿತ್ತು. ಕಥೆಯನ್ನು ಆಕೆ ಯಾರಿಗೂ ಹೇಳಲಿಲ್ಲ, ಹಾಡನ್ನು ಯಾರೆದುರೂ ಹಾಡಲಿಲ್ಲ. ಒಳಗೆ ಸೆರೆಯಾಗಿದ್ದ ಅವೆರಡಕ್ಕೂ ಉಸಿರು ಕಟ್ಟಿತು. ಒಂದು ದಿನ ಆಕೆ ಬಾಯಿ ತೆರೆದು ಮಲಗಿದ್ದಾಗ ಕಥೆ ಮೆಲ್ಲನೆ ಹೊರಬಿದ್ದು ಹೊಸ್ತಿಲ ಬಳಿ ಒಂದು ಜೊತೆ ಜೋಡಾಯಿತು. ಹಾಡು ಗಂಡಸಿನ ಅಂಗಿಯಾಗಿ ಗೂಟಕ್ಕೆ ತೂಗುಬಿದ್ದಿತು. ಗಂಡ ಬಂದು ನೋಡಿ, ಯಾರು ಬಂದಿದ್ದಾರೆಂದು ಕೇಳಿದನು. ಯಾರೂ ಇಲ್ಲವೆಂದಳು. ಹಾಗಾದರೆ ಈ ಜೋಡು, ಅಂಗಿ ಯಾರವು? ಆಕೆಗೆ ಉತ್ತರ ತಿಳಿಯದು. ಜಗಳ ಬೆಳೆದು ಗಂಡನು ಕಂಬಳಿ ಹೊದ್ದುಕೊಂಡು ಹನುಮಂತನ ಗುಡಿಗೆ ಮಲಗಲು ಹೋದನು. ಊರಿನ ದೀಪಗಳನ್ನೆಲ್ಲ ಆರಿಸಿದ ಮೇಲೆ ಅವುಗಳ ಜ್ಯೋತಿಗಳು ಆ ಗುಡಿಯಲ್ಲಿ ಸೇರಿ ಹರಟೆ ಹೊಡೆಯುವುದು ವಾಡಿಕೆ. ಅಂದು ಒಂದು ಜ್ಯೋತಿ ತಡವಾಗಿ ಬಂದಿತು. ಏಕೆ ತಡವೆಂದು ಉಳಿದವು ಕೇಳಲು, ‘ನಮ್ಮ ಮನೆಯಲ್ಲಿ ಗಂಡಹೆಂಡಿರ ಜಗಳ’ ಎಂದು ಕಥೆಯ, ಹಾಡಿನ ಸೇಡಿನ ಸಂಗತಿಯನ್ನೆಲ್ಲ ಅದು ಹೇಳಿತು. ಕಂಬಳಿಯೊಳಗಿದ್ದ ಗಂಡನು ಎಲ್ಲವನ್ನೂ ಕೇಳಿಸಿಕೊಂಡನು. ಸಂದೇಹ ಕಳೆದು ಬೆಳಗ್ಗೆ ಮನೆಗೆ ಬಂದು, ನಿನಗೆ ಗೊತ್ತಿದ್ದ ಕಥೆ ಯಾವುದು, ಹಾಡು ಯಾವುದು ಎಂದು ಹೆಂಡತಿಯನ್ನು ವಿಚಾರಿಸಿದನು. ಆಕೆಗೆ ಎರಡೂ ಮರೆತುಹೋಗಿದ್ದವು. ಯಾವ ಕಥೆ, ಯಾವ ಹಾಡು ಎಂದು ಆಕೆಯೇ ತಿರುಗಿ ಕೇಳಿದಳು.

ಗಿರೀಶ ಕಾರ್ನಾಡರು 1987–88ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಅತಿಥಿಯಾಗಿದ್ದರು. ರಾಮಾನುಜನ್ನರಿಂದ ಕೇಳಿದ ಎರಡು ಜನಪದ ಕಥೆಗಳನ್ನು ಆಧರಿಸಿ ಅವರು ‘ನಾಗಮಂಡಲ’ ನಾಟಕವನ್ನು ರಚಿಸಿದರು. ಗುಡಿಯಲ್ಲಿ ನೆರೆದು ಹರಟುವ ಜ್ಯೋತಿಗಳು ಅದರ ಮೊದಲಲ್ಲಿಯೇ ರಂಗದ ಮೇಲೆ ಬರುತ್ತವೆ. ಕರ್ನಾಟಕದ ಹೆಂಗಸರು ಹೇಳುತ್ತಿದ್ದ, ಹುಡುಗಿಯೊಬ್ಬಳು ಹೂಬಿಡುವ ಮರವಾಗುವ ಇನ್ನೊಂದು ಕಥೆ ಇನ್ನೂ ದೂರ ನಡೆಯಿತು. ಅಮೆರಿಕದ ಸಂಗೀತಗಾರ ಜಾನ್ ಆಡಮ್ಸ್ ಅವರು ರಾಮಾನುಜನ್ನರ ಅನುವಾದದಿಂದ ಅದನ್ನೆತ್ತಿಕೊಂಡು ಸಂಗೀತ ನಾಟಕವನ್ನಾಗಿ ಮಾಡಿದರು. 2006ರಲ್ಲಿ ಆಸ್ಟ್ರಿಯಾ ದೇಶದ ವಿಯೆನ್ನಾ ನಗರದಲ್ಲಿ ಅದರ ಮೊದಲ ಪ್ರದರ್ಶನವಾಯಿತು. ಮಕ್ಕಳಿಗೆ ತುತ್ತು ತಿನ್ನಿಸುತ್ತ ಆ ಕಥೆಯನ್ನು ಹೇಳಿದ ತಾಯಂದಿರಿಗೆ ವಿಯೆನ್ನಾ ಎಲ್ಲಿದೆಯೆಂದು ತಿಳಿದಿರಲಿಕ್ಕಿಲ್ಲ.

ರಾಮಾನುಜನ್ ತಾಯ್ನಾಡಿಗೆ ಆಗಾಗ ಬಂದುಹೋಗುತ್ತಿದ್ದರೂ ಇಲ್ಲಿ ನೆಲೆಯಾಗಿ ನಿಲ್ಲಲಿಲ್ಲ. 1993ನೆಯ ಜುಲೈ 13ರಂದು ಷಿಕಾಗೋದಲ್ಲಿಯೇ, ಅರವತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡರು. ಹಾರ್ಪರ್ ಗ್ರಂಥಾಲಯದ ಸ್ಥಾನವನ್ನು 1970ರಲ್ಲಿ ಹೊಸದಾಗಿ ಕಟ್ಟಿದ ರೀಜನ್‌ಸ್ಟೈನ್ ಗ್ರಂಥಾಲಯವು ವಹಿಸಿಕೊಂಡಿತು. ಅವರ ಕೈಬರಹದ ಕಾಗದಗಳು, ದಿನಚರಿಗಳು, ಅನುವಾದದ ಕರಡುಗಳು ಈಗ ಅಲ್ಲಿವೆ. ಸಂಶೋಧಕರು ಅನುಮತಿ ಪಡೆದು ಪೆಟ್ಟಿಗೆಗಳನ್ನು ತರಿಸಿಕೊಂಡು ಓದಬಹುದು. ಇತ್ತ ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸುಗಳಲ್ಲಿ ದಿನವೂ ಶಾಲೆಯ ಮಕ್ಕಳು ಪ್ರಯಾಣ ಮಾಡುತ್ತಾರೆ. ಬಳ್ಳಿಗಾವಿಗೂ ಉಡುತಡಿಗೂ ಇಳಿಯುವವರು ಶಿರಾಳಕೊಪ್ಪದಲ್ಲಿ ಇಳಿಯಬೇಕು.